ಗೌತಮಿ ಬೇಡವೆಂದ ಅಂಕಗಳು

ಸೋಮವಾರ ಬೆಳಿಗ್ಗೆ ಮಸ್ಕಿ ಬಸ್ ನಿಲ್ದಾಣದ ಎದುರಿನ ಕಂಬಕ್ಕೆ ಹೊಸ ಫ್ಲೆಕ್ಸ್ ಕಟ್ಟಿದರು. ಪಿಯುಸಿ ಪಾಸಾದ ಹುಡುಗಿಯೊಬ್ಬಳಿಗೆ ಅಭಿನಂದನೆ. ಅವಳ ಫೋಟೊ ಅಂಗೈಯಷ್ಟು. ಶುಭ ಕೋರುವವರ ಮುಖಗಳು ಒಂದೊಂದೂ ಊಟದ ತಟ್ಟೆಯಷ್ಟು. ತಾಲ್ಲೂಕು ವರದಿಗಾರನಾದ ನಾನು ಇಂಥವನ್ನು ದಿನವೂ ನೋಡದೆ ದಾಟುತ್ತೇನೆ. ಅಂದು ಮಾತ್ರ ನಿಂತೆ. ಹಳೆಯ ಸಿಟ್ಟೊಂದು ಮೇಲೆದ್ದಿತು.

ಕೊರೊನಾದಿಂದ ಪಿಯುಸಿ ಪರೀಕ್ಷೆಯೇ ರದ್ದಾದ ವರ್ಷ ನಿಮಗೆ ನೆನಪಿರಬೇಕು. ಹತ್ತನೇ ತರಗತಿಯ, ಮೊದಲ ಪಿಯುಸಿಯ ಅಂಕಗಳನ್ನು ಕೂಡಿಸಿ ಫಲಿತಾಂಶ ಕೊಟ್ಟರು. ನನ್ನ ಅಕ್ಕನ ಮಗಳು ಗೌತಮಿ ಹತ್ತನೇ ಪರೀಕ್ಷೆ ಬರೆದದ್ದು ಕಾಮಾಲೆಯಲ್ಲಿ. ಹೀಗಾಗಿ ಬರೆಯದ ಪರೀಕ್ಷೆಯಲ್ಲಿ ಅವಳಿಗೆ ಸೆಕೆಂಡ್ ಕ್ಲಾಸ್ ಬಂತು. ರಾಯಚೂರಿನ ಕಾಲೇಜೊಂದರಲ್ಲಿ ಬಿ.ಎಸ್ಸಿ. ಓದಬೇಕೆಂದಿದ್ದವಳಿಗೆ ಅದು ಸಾಲದು. ಒಪ್ಪದವರು ಫಲಿತಾಂಶ ತಿರಸ್ಕರಿಸಿ ಪರೀಕ್ಷೆ ಬರೆಯಬಹುದಿತ್ತು. ಆದರೆ ಬರೆದ ಮೇಲೆ ಬಂದದ್ದೇ ಕೊನೆ. ಫೇಲಾದರೆ ಕೈಯಲ್ಲಿದ್ದ ಪಾಸೂ ಹೋಗುತ್ತಿತ್ತು.

ಇಷ್ಟೇ ಆಗಿದ್ದರೆ ಒಂದು ಸಂಜೆಯಲ್ಲಿ ಇತ್ಯರ್ಥವಾಗುತ್ತಿತ್ತು. ಆದರೆ ಭಾವ ಹಟ್ಟಿಯ ಚಿನ್ನದ ಗಣಿಯಲ್ಲಿ ಕೆಲಸ ಮಾಡುವವರು. ಅವರ ಶಿಫ್ಟಿನ ಗೆಳೆಯರು ಉತ್ಸಾಹಿಗಳು. ಫಲಿತಾಂಶ ಬಂದ ಸಂಜೆಯೇ ಕ್ವಾರ್ಟರ್ಸಿನ ಮೂಲೆಯಲ್ಲಿ ಗೌತಮಿಯ ಹೆಸರಿನ ಫ್ಲೆಕ್ಸ್ ಕಟ್ಟಿಬಿಟ್ಟಿದ್ದರು. ಯಾರನ್ನೂ ಫೇಲು ಮಾಡದ ವರ್ಷದಲ್ಲಿ, ಪಾಸಾದದ್ದಕ್ಕೆ ಅಭಿನಂದನೆ!

ಅಕ್ಕ ನನ್ನನ್ನು ಕರೆಸಿದಳು.

"ಓಣಿಗೆಲ್ಲ ಪೇಢೆ ಹಂಚೀವಿ. ಈಗ ಒಲ್ಲೆ ಅಂದ್ರ ಮಂದಿ ಏನಂತಾರ? ಹುಡುಗಿ ಫೇಲಾಗ್ಯಾಳ, ಮುಚ್ಚಿಡಾಕತ್ಯಾರ ಅಂತಾರ."

"ಕಾಮಣಿ ಬಂದಾಗ ಬರದಿದ್ದನ್ನ ಜಿಂದಗಿಪೂರ್ತಿ ಹೊತ್ಕೊಂಡು ತಿರಗ್ಲೇನು?" ಎಂದಳು ಗೌತಮಿ.

"ನೀ ಸುಮ್ಕಿರು ಬೇ. ಫ್ಲೆಕ್ಸ್ ಇನ್ನೂ ಅಲ್ಲೇ ಐತಿ."

"ಹಂಗಾದ್ರ ಫ್ಲೆಕ್ಸನ್ನೇ ಕಾಲೇಜಿಗೆ ಕಳಸು."

ವಳಕಮದಿನ್ನಿಯಿಂದ ಗೌತಮಿಯ ದೊಡ್ಡಪ್ಪ ನಾಟಿಯ ಗದ್ದೆಯಲ್ಲಿ ನಿಂತೇ ಫೋನು ಮಾಡಿದರು. ಅವರದೂ ಅದೇ ಪ್ರಶ್ನೆ: ಫ್ಲೆಕ್ಸಿಗೆ ಏನು ಮಾಡ್ತೀರಿ? ಹುಡುಗಿ ಓದಿದ್ದಾಳೆಯೇ, ಬರೆಯಬಲ್ಲಳೇ ಎಂದು ಒಬ್ಬರೂ ಕೇಳಲಿಲ್ಲ. ಅರ್ಜಿ ಕೊಡುವ ಗಡುವು ಹತ್ತಿರವಾಗುತ್ತಿತ್ತು.

"ನೀ ಪೇಪರಿನಾಂವ ಅದಿ. ನೀನರ ಹೇಳೋ," ಎಂದಳು ಅಕ್ಕ.

ನಾನು ಹೇಳಿದೆ. ಬರೆದರೆ ಏನು ಲಾಭ, ಏನು ಅಪಾಯ. ಬಿಟ್ಟರೆ ಏನು ಲಾಭ, ಏನು ಅಪಾಯ. ಸಾಕಷ್ಟು ಹೊತ್ತು ಹೇಳಿದೆ. ಚೆನ್ನಾಗಿಯೇ ಹೇಳಿದೆನೆಂದು ಆಗ ನನಗನಿಸಿತ್ತು.

ಗೌತಮಿ ಪೂರ್ತಿ ಕೇಳಿಸಿಕೊಂಡು, "ಮಾಮಾ, ಎರಡೂ ಕಡೀದು ಬರಕೊಂಡ್ರಿ. ಸುದ್ದಿ ಏನ್ರಿ?" ಎಂದಳು.

ಅಷ್ಟರಲ್ಲಿ ಭಾವ ಶಿಫ್ಟು ಮುಗಿಸಿ ಬಂದರು. ಚಹಾ ಕುಡಿಯುತ್ತ ನಮ್ಮ ಜಗಳವನ್ನು ಮತ್ತೊಮ್ಮೆ ಮೊದಲಿನಿಂದ ಕೇಳಿದರು. ಮಗಳತ್ತ ತಿರುಗಿ, "ಬರೀತೀಯೇನವ್ವ?" ಎಂದರು.

"ಬರೀತೀನ್ರಿ ಅಪ್ಪಾ."

ಲೋಟ ಕೆಳಗಿಟ್ಟು ಎದ್ದು ಹೋದರು. ಮರಳಿ ಬಂದಾಗ ಸುತ್ತಿದ ಫ್ಲೆಕ್ಸ್ ಕಂಕುಳಲ್ಲಿತ್ತು.

"ಬಿಚ್ಕೊಂಡು ಬಂದೀನಿ. ಅರ್ಜಿ ತಾ, ಸಹಿ ಹಾಕ್ತೀನಿ."

"ಕಟ್ಟಿದವ್ರು ಕೇಳಿದ್ರ?" ಎಂದಳು ಅಕ್ಕ.

"ಗಾಳಿ ಬಂದಿತ್ತು ಅಂತೀನಿ."

ಅಂದು ಎಲೆಯೂ ಅಲ್ಲಾಡಿರಲಿಲ್ಲ.

ಗೌತಮಿ ಪರೀಕ್ಷೆ ಬರೆದಳು. ಫಸ್ಟ್ ಕ್ಲಾಸ್ ಬಂತು. ಅದು ಬರುವಷ್ಟರಲ್ಲಿ ರಾಯಚೂರಿನ ಕಾಲೇಜಿನಲ್ಲಿ ಸೀಟು ತುಂಬಿದ್ದವು, ಸಿಂಧನೂರಿನಲ್ಲಿ ಬಿ.ಎಸ್ಸಿ. ಸೇರಿದಳು. ಫ್ಲೆಕ್ಸ್ ಎಲ್ಲಿ ಹೋಯಿತೆಂದು ಕ್ವಾರ್ಟರ್ಸಿನಲ್ಲಿ ಯಾರೂ ಕೇಳಲಿಲ್ಲ. ಈಗಿನ ಮಕ್ಕಳು ಮೂರು ಸಲ ಪರೀಕ್ಷೆ ಬರೆದು ಹೆಚ್ಚು ಬಂದದ್ದನ್ನು ಇಟ್ಟುಕೊಳ್ಳಬಹುದು, ಇದ್ದದ್ದನ್ನು ಬಿಟ್ಟುಕೊಡಬೇಕಿಲ್ಲ.

ಸೋಮವಾರ ಆ ಕಂಬದ ಕೆಳಗಿನಿಂದಲೇ ಗೌತಮಿಗೆ ಫೋನು ಮಾಡಿದೆ. ಬಿ.ಎಡ್. ಕೊನೆಯ ಪರೀಕ್ಷೆ ಬರೆದು ಮನೆಗೆ ಬಂದಿದ್ದಾಳೆ. ಫಲಿತಾಂಶ ಇನ್ನೂ ಬಂದಿಲ್ಲ. ಅಂದು ಕೇಳದೆ ಬಿಟ್ಟದ್ದನ್ನು ಈ ಸಲ ಮೊದಲೇ ಕೇಳಿದೆ: "ಹೆಂಗ ಬರದಿ?"