ಹಿತ್ತಲಿನ ರೊಟ್ಟಿ ಸದ್ದು

ಪಕ್ಕದ ಮನೆಗೆ ಹೊಸದಾಗಿ ಬಂದ ಮೈಸೂರಿನ ಹೆಂಗಸು ನಿನ್ನೆ ಕಾಂಪೌಂಡಿನ ಆಚೆಯಿಂದ, "ನಿಮ್ಮನೇಲಿ ಬೆಳಿಗ್ಗೆ ಬೆಳಿಗ್ಗೆ ರೊಟ್ಟಿ ತಟ್ಟೋ ಸದ್ದು ಬರುತ್ತಲ್ಲ, ನೀವು ಉತ್ತರ ಕರ್ನಾಟಕದವರಾ?" ಎಂದು ಕೇಳಿದರು. ಹೌದೆನ್ನಲೋ ಅಲ್ಲವೆನ್ನಲೋ ತಿಳಿಯದೆ ನಕ್ಕು ಒಳಗೆ ಬಂದೆ. ನಮ್ಮ ಪಾಡೇ ಅಷ್ಟು ನೋಡಿ. ಧಾರವಾಡಕ್ಕೆ ಹೋದರೆ ಮೈಸೂರಿನವರೆನ್ನುತ್ತಾರೆ, ಮೈಸೂರಿಗೆ ಹೋದರೆ ಧಾರವಾಡದ ಕಡೆ ತಳ್ಳುತ್ತಾರೆ.

ಹೊಳಲ್ಕೆರೆ ತಾಲ್ಲೂಕು ತಾಳ್ಯದ ನಮ್ಮ ಮನೆಯಲ್ಲಿ ಎರಡು ಒಲೆ. ಧರ್ಮಪುರದಿಂದ ಬಂದ ಅಮ್ಮ ಒಂದರಲ್ಲಿ ಮುದ್ದೆ ತೊಳಸಿದರೆ, ಭರಮಸಾಗರದಿಂದ ಬಂದ ದೊಡ್ಡಮ್ಮ ಇನ್ನೊಂದರಲ್ಲಿ ಜೋಳದ ರೊಟ್ಟಿ ಸುಡುತ್ತಿದ್ದಳು. ಇನ್ನೂ ಉಂಡಿಲ್ಲವೆಂದು ಎರಡೂ ಕಡೆ ಸುಳ್ಳು ಹೇಳಿ ನಾನು ದುಂಡಗಾಗಿದ್ದೆ.

ಏಕೀಕರಣವಾಗಿ ಕೆಲವು ವರ್ಷ ಕಳೆದಿತ್ತು. ಅಕ್ಕನಿಗೆ ಬಂದಿದ್ದ ಧಾರವಾಡದ ಕಡೆಯ ಒಂದು ಸಂಬಂಧ, "ಹುಡುಗಿಯ ಮಾತು ನಮ್ಮ ಕಡೆಯದಲ್ಲ" ಎಂದು ಗಂಡಿನವರು ಅಂದದ್ದಕ್ಕೇ ಮುರಿದು, ಅವಳು ಬಹಳ ಅತ್ತಿದ್ದಳು. ಆಮೇಲೆ ಬಂದದ್ದು ಮಂಡ್ಯದ ಕಡೆಯ ಒಬ್ಬ ಮೇಷ್ಟರ ಸಂಬಂಧ. ಅಕ್ಕನಿಗೆ ಆತ ಹಿಡಿಸಿಬಿಟ್ಟಿದ್ದ. ಅವನ ತಾಯಿ ಮನೆತನ ನೋಡಲು ಬರುವ ದಿನ, ಇದೂ ಮುರಿಯದಿರಲೆಂದು ಅಮ್ಮ ರೊಟ್ಟಿ ಹಂಚನ್ನು ಅಟ್ಟಕ್ಕೇರಿಸಿದಳು. "ಬರ್ರಿ, ಕುಂತ್ಕಳ್ರಿ ಅನ್ನಬ್ಯಾಡ ಕಣೇ. ಬನ್ನಿ, ಕೂತ್ಕೊಳ್ಳಿ ಅನ್ನು" ಎಂದು ಅಕ್ಕನಿಗೆ ತಾಕೀತು ಮಾಡಿದಳು.

ಆ ತಾಯಿ ಬಂದರು. ಅಮ್ಮ ಕಲಿಸಿದ್ದಷ್ಟನ್ನು ಅಕ್ಕ ಒಪ್ಪಿಸಿ ಬಾಯಿ ಮುಚ್ಚಿಕೊಂಡಳು. ಆಗಲೇ ಹಿತ್ತಲಿನಿಂದ ಪಟಪಟ ಸದ್ದು! ಮುದ್ದೆ ಒಗ್ಗದ ದೊಡ್ಡಮ್ಮ ಹಂಚು ಇಳಿಸಿಕೊಂಡು, ಮೂರು ಕಲ್ಲು ಹೂಡಿ ಕೂತಿದ್ದಳು. ಅಮ್ಮನ ಮುಖ ಬಿಳಿಚಿತು. ಬಂದಾಕೆ ಎದ್ದು ಸೀದಾ ಹಿತ್ತಲಿಗೇ ನಡೆದರು.

"ಬರ್ರಿ, ಕುಂತ್ಕಳ್ರಿ. ಬಿಸೀದೈತೆ, ತಿನ್ರಿ" ಎಂದು ದೊಡ್ಡಮ್ಮ ಗುರೆಳ್ಳು ಪುಡಿ ಉದುರಿಸಿ ರೊಟ್ಟಿ ಕೊಟ್ಟಳು. ಆಕೆ ಅನುಮಾನದಿಂದಲೇ ಒಂದು ಚೂರು ಮುರಿದುಕೊಂಡರು. ಬಾಗಿಲಲ್ಲಿ ನಿಂತಿದ್ದ ಅಕ್ಕನಿಗೆ ತಡೆಯಲಾಗಲಿಲ್ಲ. "ಬೆಣ್ಣೆ ಹಚ್ಕಳ್ರಿ, ಇನ್ನೂ ಚೆನ್ನಾಗಿರ್ತೈತೆ" ಎಂದುಬಿಟ್ಟಳು.

ಆಕೆ ಅಗಿಯುತ್ತಲೇ ತಿರುಗಿ ನೋಡಿದರು. "ಅಯ್ಯೋ, ಮಾತಾಡ್ತೀಯಲ್ಲವ್ವ! ಮೂಗಿ ಅಂತ ಹೆದರಿದ್ದೆ. ಮುದ್ದೆ ತೊಳ್ಸಕ್ಕೆ ನಮ್ಮನೇಲಿ ನಾನಿವ್ನಿ. ನೀನು ಬಂದು ನಂಗೆ ಇದ್ನ ಕಲ್ಸು."

ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಅಕ್ಕ ಹೊಸ ಹಂಚು ಹೊತ್ತುಕೊಂಡೇ ಮಂಡ್ಯಕ್ಕೆ ಹೋದಳು.

ಇಷ್ಟೆಲ್ಲ ಕಣ್ಣಾರೆ ಕಂಡಿದ್ದೂ ನಿನ್ನೆ ನಾನೇಕೆ ತಡವರಿಸಿದೆನೋ! ಇವತ್ತು ಮೊದಲ ರೊಟ್ಟಿ ಉಬ್ಬುತ್ತಿದ್ದಂತೆ ಕಾಂಪೌಂಡಿನ ಹತ್ತಿರ ಹೋಗಿ ಕೂಗಿದೆ:

"ನಾವು ಚಿತ್ರದುರ್ಗದ ಕಡೆಯೋರು. ಬರ್ರಿ, ಕುಂತ್ಕಳ್ರಿ. ಈಗ ರೊಟ್ಟಿ ಐತೆ. ಮಧ್ಯಾಹ್ನದ ತನಕ ಇದ್ರೆ ಮುದ್ದೆನೂ ಐತೆ."