ಹತ್ತಿ ರಾಶಿಯ ಬಿಸುಪು

ಶಹಾಪುರದ ಹತ್ತಿ ಮಿಲ್ಲಿನಲ್ಲಿ ನಾನು ಮೂರು ಹಂಗಾಮು ಕೆಲಸ ಮಾಡಿದೆ. ಈಗ ನೆನೆದರೆ ಆ ದಿನಗಳೆಲ್ಲ ಅರೆನಿದ್ದೆಯಲ್ಲಿ ಕಂಡಂತೆ ಬರುತ್ತವೆ. ಮೇಲಿನ ಕಿಂಡಿಯಿಂದ ಬಿಸಿಲು ಕೋಲುಕೋಲಾಗಿ ಇಳಿಯುತ್ತಿತ್ತು. ಆ ಬೆಳಕಿನಲ್ಲಿ ಹತ್ತಿಯ ಎಳೆಗಳು ತೇಲುತ್ತಿದ್ದವು, ಕೆಳಗೆ ಬೀಳುವ ಅವಸರವೇ ಅವಕ್ಕಿರಲಿಲ್ಲ. ಯಂತ್ರಗಳ ಗುಂಯ್ ಸದ್ದಿಗೆ ಕಣ್ಣು ಎಳೆಯುತ್ತಿತ್ತು. ಹುಬ್ಬು, ರೆಪ್ಪೆ, ಸೆರಗು ಎಲ್ಲ ಬೆಳ್ಳಗೆ. ಸಂಜೆ ಮನೆಗೆ ಹೋದರೆ ಅತ್ತೆ, "ಒಂದ ದಿನಕ್ಕ ಮುದುಕಿ ಆಗಿ ಬಂದಿಯಲ್ಲ" ಎಂದು ನಗುತ್ತಿದ್ದಳು.

ಮದುವೆಯಾಗಿ ಆರು ವರ್ಷಕ್ಕೆ ಹುಟ್ಟಿದ ಮಗಳು ಮೂರನೆಯ ಹಂಗಾಮಿಗೆ ಎಂಟು ತಿಂಗಳ ಕೂಸು. ಅತ್ತೆಗೆ ಕಣ್ಣು ಮಂಜಾಗಿತ್ತು, ಹಾಗಾಗಿ ಕೂಸನ್ನು ಜೊತೆಗೇ ಒಯ್ಯುತ್ತಿದ್ದೆ. ಮಿಲ್ಲಿನ ತಾಯಂದಿರೆಲ್ಲ ಮಾಡುತ್ತಿದ್ದುದನ್ನೇ ನಾನೂ ಮಾಡಿದೆ. ಹತ್ತಿ ರಾಶಿಯ ಮೇಲೆ ಮೊಣಕೈಯಿಂದ ಒತ್ತಿ ಒಂದು ತಗ್ಗು ಮಾಡುವುದು, ಹಳೆ ಸೀರೆ ಹಾಸುವುದು, ಮಲಗಿಸುವುದು. ಅಂಥ ಮೆತ್ತನೆ ಹಾಸಿಗೆ ನಮ್ಮ ಮನೆಯಲ್ಲಿ ಯಾರೂ ಕಂಡವರಲ್ಲ. ಗೋಡೆ ಮಗ್ಗುಲಿನ ಜಾಗ ನನ್ನದು, ಅಲ್ಲಿ ಹೊರಳಿದರೂ ಕೂಸು ಜಾರುವುದಿಲ್ಲ. ಬೇರೆ ಯಾರಾದರೂ ಅಲ್ಲಿಗೆ ಬಂದರೆ ಜಗಳಕ್ಕೇ ನಿಲ್ಲುತ್ತಿದ್ದೆ.

ಆ ಗೋಡೆಗೆ ಒಂದು ಕಬ್ಬಿಣದ ಸ್ವಿಚ್ ಪೆಟ್ಟಿಗೆ ಇತ್ತು. ಯಂತ್ರಗಳಿಗೆ ಕರೆಂಟು ಅದರ ಮೂಲಕವೇ ಹೋಗುತ್ತಿತ್ತು. ಅದನ್ನು ಅಲ್ಲಿ ಕೂರಿಸಿದವರು ವೈರ್‌ಮನ್ ಚಾಚಾ, ಮಿಲ್ಲು ಶುರುವಾದಾಗಿನಿಂದ ಇದ್ದವರು. ನಾನು ಸೇರಿದ ವಾರವೇ ಹೆಂಗಸರನ್ನೆಲ್ಲ ನಿಲ್ಲಿಸಿಕೊಂಡು ಪಾಠ ಹೇಳಿದ್ದರು. "ಪೆಟ್ಟಿಗಿ ಬಿಸಿ ಆಗ್ಯಾದೋ ಇಲ್ಲೋ ನೋಡಬೇಕಂದ್ರ ಅಂಗೈ ಹಚ್ಚಬ್ಯಾಡ್ರಿ. ಕರೆಂಟ್ ಹೊಡದ್ರ ಅಂಗೈ ಮುಚ್ಚಿಕೊಂತದ, ಬಿಡಂಗಿಲ್ಲ. ಕೈ ಹಿಂಬದಿ ಹಚ್ರಿ." ನಾವು ಒಬ್ಬರ ಗಲ್ಲಕ್ಕೆ ಒಬ್ಬರು ಕೈಯ ಹಿಂಬದಿ ಹಚ್ಚಿ ನಕ್ಕಿದ್ದೇ ನಕ್ಕಿದ್ದು. ಚಾಚಾ ಮುನಿಸಿಕೊಂಡು ಹೋದರು.

ಮೊದಲ ವರ್ಷ ಪೆಟ್ಟಿಗೆ ನನ್ನ ತಲೆಯ ಮಟ್ಟಕ್ಕಿತ್ತು, ರಾಶಿ ಸೊಂಟದ ಮಟ್ಟಕ್ಕೆ. ಆಮೇಲೆ ನಾರಾಯಣಪುರದ ಕಾಲುವೆ ನೀರು ಒಂದೊಂದೇ ಊರು ಮುಟ್ಟುತ್ತ ಬಂತು. ಹತ್ತಿ ಗಾಡಿ ಬರುತ್ತಿದ್ದಲ್ಲಿ ಟ್ರ್ಯಾಕ್ಟರ್ ಬಂದವು. ರಾಶಿ ಎದೆಗೆ ಬಂತು, ತಲೆಗೆ ಬಂತು, ಮೂರನೆಯ ವರ್ಷ ಏಣಿ ಹಚ್ಚಿ ಹತ್ತುವಷ್ಟಾಯಿತು. ರಾಶಿ ಏರಿದಷ್ಟು ನಮಗೆ ಖುಷಿ, ಕೆಲಸ ಹೋಳಿ ಹುಣ್ಣಿಮೆವರೆಗೂ ಸಿಗುತ್ತಿತ್ತು. ಪೆಟ್ಟಿಗೆ ಎಲ್ಲಿ ಹೋಯಿತೆಂದು ಯಾರೂ ಕೇಳಲಿಲ್ಲ. ಯಂತ್ರ ತಿರುಗುತ್ತಿತ್ತಲ್ಲ, ಸಾಕಾಗಿತ್ತು.

ಒಂದು ಮಧ್ಯಾಹ್ನ ಚಹಾದ ಹೊತ್ತಿಗೆ ಏಣಿ ಹತ್ತಿ ಮಗಳನ್ನು ಎತ್ತಿಕೊಂಡೆ. ಅವಳ ಬೆನ್ನು ಬೆವೆತಿತ್ತು. ತಗ್ಗೂ ಬೆಚ್ಚಗಿತ್ತು. ಮಲಗಿದ ಕೂಸಿನ ಜಾಗ ಬೆಚ್ಚಗಿರದೆ ಇನ್ನೇನು? ಆ ಬಿಸುಪೆಂದರೆ ನನಗೆ ಪ್ರಾಣ. ಮನೆಯಲ್ಲೂ ಅವಳನ್ನು ಎತ್ತಿದ ಮೇಲೆ ಆ ಜಾಗದಲ್ಲಿ ಗಲ್ಲವಿಟ್ಟು ಒಂದು ಗಳಿಗೆ ಮಲಗುತ್ತಿದ್ದೆ. ಬಾಗಿಲ ಹೊರಗೆ ಬೇವಿನ ನೆರಳಲ್ಲಿ ಕೂತು ಹಾಲು ಕುಡಿಸಿದೆ, ಚಹಾ ಕುಡಿದೆ. ಅವಳು ಮತ್ತೆ ನಿದ್ದೆ ಹೋದಳು.

ಮಲಗಿಸಲು ಹೋದಾಗ ತಗ್ಗು ಇನ್ನೂ ಬೆಚ್ಚಗಿತ್ತು. ಮಗಳ ಬಿಸುಪು ನನ್ನ ದಾರಿ ಕಾಯುತ್ತಿದೆ ಎಂದು ಹುಚ್ಚಿಯ ಹಾಗೆ ಹಿಗ್ಗಿದೆ. ಸೀರೆ ಸರಿಪಡಿಸುವಾಗ ಕೈಯ ಹಿಂಬದಿ ಹತ್ತಿಗೆ ತಾಗಿತು. ಮೊದಲಿಗಿಂತ ಬಿಸಿ. ಕೂಸು ನನ್ನ ಹೆಗಲ ಮೇಲಿತ್ತು, ಅಲ್ಲಿ ಮಲಗಿದವರು ಯಾರೂ ಇರಲಿಲ್ಲ. ಮೊಣಕೈವರೆಗೆ ತೋಳು ತೂರಿಸಿದೆ. ಕೆಳಗೆ ಹೋದಂತೆ ಬಿಸಿ ಏರುತ್ತಿತ್ತು. ಕೈ ಹೊರಗೆಳೆದಾಗ ಸೀದ ವಾಸನೆ ಬಂತು.

ಹೇಗೆ ಇಳಿದೆನೋ ನೆನಪಿಲ್ಲ. ನೇರ ಚಾಚಾ ಹತ್ತಿರ ಓಡಿದೆ. ನನ್ನ ಕೈಯ ಹಿಂಬದಿಯನ್ನು ಅವರ ಮುಂದೆ ಹಿಡಿದು ರಾಶಿಯತ್ತ ತೋರಿಸಿದೆ, ಅವರಿಗೆ ಅಷ್ಟೇ ಸಾಕಾಯಿತು. ಹಮಾಲರು ನೀರಿನ ಕೊಡ ಎತ್ತಿದರು. "ನೀರ ಬ್ಯಾಡ, ಮೊದಲ ಕರೆಂಟ್ ತಗೀತೇನಿ" ಎನ್ನುತ್ತ ಗೇಟಿನ ಬಳಿಯ ಕೋಣೆಗೆ ಓಡಿ ಮೇನ್ ಎಳೆದರು. ಗುಂಯ್ ಸದ್ದು ನಿಂತಿತು. ಎಳೆಗಳು ಮಾತ್ರ ಬಿಸಿಲಲ್ಲಿ ಇನ್ನೂ ತೇಲುತ್ತಿದ್ದವು. ಉಳಿದ ತಾಯಂದಿರು ತಮ್ಮ ಕೂಸುಗಳನ್ನು ಹೊರಗೆ ಒಯ್ದರು. ಹಮಾಲರು ಹತ್ತಿ ಎಳೆದು ಹಾಕಿದರು, ಒಳಗೆ ಕೆಂಪಗೆ ಕಂಡಲ್ಲೆಲ್ಲ ಚಾಚಾ ಉಸುಕು ಸುರಿದರು. ಪೆಟ್ಟಿಗೆಯಲ್ಲಿ ಒಂದು ವೈರು ಸಡಿಲಾಗಿ ಕಾದಿತ್ತು. ಸುತ್ತಲಿನ ಹತ್ತಿ ಹೊತ್ತಿದ ರೊಟ್ಟಿಯ ಬಣ್ಣಕ್ಕೆ ತಿರುಗಿತ್ತು. ಅದರ ಮೇಲೆ ಒಂದು ಮೊಳದಷ್ಟು ಬಿಳಿ ಹತ್ತಿ, ಅದರ ಮೇಲೆ ನನ್ನ ಹಳೆ ಸೀರೆ.

ಚಾಚಾ ಉಸುಕಿನ ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತುಬಿಟ್ಟರು. "ಆಗಿನ ಹತ್ತಿ ನೋಡಿ ಪೆಟ್ಟಿಗಿ ಇಟ್ಟಿದ್ದೆ ಬೇಟಿ. ಕಾಲುವಿ ಬಂದು ಇಷ್ಟು ಬೆಳೀತದಂತ ನನಗೇನ ಗೊತ್ತಿತ್ತು." ಕಣ್ಣು ಒರೆಸಿಕೊಂಡರು. ಪೆಟ್ಟಿಗೆ ಅವರು ಇಟ್ಟದ್ದು ನಿಜ, ಅದರ ಮೇಲೆ ಮಗಳನ್ನು ದಿನವೂ ಮಲಗಿಸಿದವಳು ನಾನು. ಮರುವಾರ ಅವರು ಪೆಟ್ಟಿಗೆಯನ್ನು ಹೊರಗೋಡೆಗೆ ಒಯ್ದರು. ಕೂಸುಗಳಿಗೆ ಬೇವಿನ ಮರದಲ್ಲಿ ಸೀರೆಯ ಜೋಳಿಗೆ ತೊಟ್ಟಿಲು ಕಟ್ಟಿದೆವು.

ಮೊನ್ನೆ ಮಗಳು ಬಾಣಂತನಕ್ಕೆ ಬಂದಿದ್ದಳು. ಅವಳು ಕೂಸನ್ನು ಎತ್ತಿಕೊಂಡು ಎದ್ದಾಗಲೆಲ್ಲ ನಾನು ಆ ಹಾಸಿಗೆಗೆ ಕೈಯ ಹಿಂಬದಿ ಹಚ್ಚಿ ಕೂರುತ್ತಿದ್ದೆ.

"ಏನ್ ನೋಡಾಕತ್ತೀಯವ್ವ?"

"ತಣ್ಣಗ ಆಗತದೋ ಇಲ್ಲೋ ನೋಡಾಕತ್ತೇನಿ."

ಅವಳು ನಕ್ಕಳು. ಹಾಸಿಗೆ ತಣ್ಣಗಾದ ಮೇಲೆಯೇ ನಾನು ಎದ್ದೆ.