ಕೆಂಚಿಯನ್ನು ಸಾಕಿದ ಗಂಗೂ ಆಂಟಿ

ಕಣ್ಣು ತೆರೆದೇ ಮಲಗುವ ನಾಯಿಯ ಎದುರು ಕೂತು ಅದರ ಉಸಿರು ಎಣಿಸುವುದು ಗಂಗೂ ಆಂಟಿಯ ಮಧ್ಯಾಹ್ನದ ಅಭ್ಯಾಸವಾಗಿತ್ತು. ವಿಜಯಪುರದ ಕಡೆಯವರು, ಮೂವತ್ತು ವರ್ಷ ಆಪರೇಷನ್ ಥಿಯೇಟರಿನಲ್ಲಿ ಅರಿವಳಿಕೆ ಕೊಟ್ಟ ಡಾಕ್ಟರು. ನಿವೃತ್ತರಾದ ವರ್ಷವೇ, ನಾಯಿ ರೇಸಿನಿಂದ ನಿವೃತ್ತಿಯಾದ ಗ್ರೇಹೌಂಡ್ ಒಂದನ್ನು ದತ್ತು ತಂದು ಕೆಂಚಿ ಎಂದು ಹೆಸರಿಟ್ಟರು. ಅಮೆರಿಕದ ವಿಕ್ಸಮ್ ಊರಿನಲ್ಲಿ ಅವರದು ನಮ್ಮ ಪಕ್ಕದ ಮನೆ.

ಮೊದಲ ಸಲ ಹೋದಾಗ ಕೆಂಚಿ ಸೋಫಾದ ಮೇಲೆ ನನ್ನನ್ನೇ ನೋಡುತ್ತಾ ಮಲಗಿತ್ತು. ಎಚ್ಚರವಿದೆಯೆಂದು ತಲೆ ಸವರಲು ಕೈ ಚಾಚಿದೆ. ಆಂಟಿ ನನ್ನ ಮಣಿಕಟ್ಟು ಹಿಡಿದರು.

"ನಿದ್ದಿ ಮಾಡಾಕತ್ತೈತಿ. ಮುಟ್ಟಿದ್ರ ಗಾಬರಿಬಿದ್ದು ಕಡೀತೈತಿ. ಮೊದಲ ಹೆಸರ ಹಿಡದು ಕರಿ."

ಕರೆದೆ. ಕಣ್ಣು ಅಲುಗಲಿಲ್ಲ. ಆದರೆ ಆ ಕಣ್ಣೊಳಗೆ ಯಾರೋ ಬಂದು ಕೂತಂತಾಯಿತು.

ರೇಸಿನವರ ಕೆನ್ನೆಲ್ ಗೂಡಿನಲ್ಲೇ ಬೆಳೆದ ಅದಕ್ಕೆ ಮೆಟ್ಟಿಲು ಗೊತ್ತಿರಲಿಲ್ಲ, ಗಾಜು ಗೊತ್ತಿರಲಿಲ್ಲ. ಆಂಟಿ ಒಂದೊಂದೇ ಕಾಲೆತ್ತಿ ಇಟ್ಟು ಮೆಟ್ಟಿಲು ಹತ್ತಿಸಿದರು, ಗಾಜಿನ ಬಾಗಿಲಿಗೆ ಟೇಪ್ ಅಂಟಿಸಿದರು. ತೆಳು ತೊಗಲು, ಚಳಿ ತಡೆಯದೆಂದು ತಮ್ಮ ಶಾಲು ಕತ್ತರಿಸಿ ಅಂಗಿ ಹೊಲಿದರು. ವಾಕಿಂಗ್‌ನಲ್ಲಿ ಅದು ಇದ್ದಕ್ಕಿದ್ದಂತೆ ಕಲ್ಲಿನ ಹಾಗೆ ನಿಂತುಬಿಟ್ಟರೆ ಎಳೆಯುತ್ತಿರಲಿಲ್ಲ, ತಾವೂ ನಿಲ್ಲುತ್ತಿದ್ದರು. "ಎಲ್ಲ್ಯೋ ಹೋಗೇತಿ, ಬರ್ತೈತಿ" ಎನ್ನುತ್ತಿದ್ದರು.

ಒಂದು ಜನವರಿಯ ಬೆಳಗ್ಗೆ ಅವರ ಹಿತ್ತಲಿನ ಗೇಟು ಹಾಕಲು ನಾನು ಮರೆತೆ. ಕೆಂಚಿ ಹೋಗಿಬಿಟ್ಟಿತು. ಹೊರಗೆ ಹತ್ತು ಡಿಗ್ರಿ ಫ್ಯಾರನ್‌ಹೀಟ್, ನೀರು ಹೆಪ್ಪುಗಟ್ಟುವ ಚಳಿ. ಕೂಗುತ್ತಾ ಓಡಹೊರಟವಳನ್ನು ಆಂಟಿ ತಡೆದರು. ಗಂಟೆಗೆ ನಲವತ್ತು ಮೈಲಿ ಓಡುವ ನಾಯಿ, ಬೆನ್ನಟ್ಟಿದರೆ ನೇರ ಹೈವೇ ಸೇರುತ್ತದೆ ಎಂದರು. ಹೆಜ್ಜೆಗುರುತು ಹಿಡಿದು ಫ್ಯಾಕ್ಟರಿಗಳ ಹಿಂದಿನ ಬಯಲಿಗೆ ಬಂದೆವು. ದಟ್ಟ ಮಂಜು. ಆಂಟಿ ಹಿಮದ ಮೇಲೆ ಕಂಬಳಿ ಹಾಸಿ ಕೂತರು, ನನ್ನನ್ನೂ ಕೂರಿಸಿದರು.

ಮೊದಲು ಕೇಳಿಸಿದ್ದು ಪಾದದ ಸದ್ದು. ಆಮೇಲೆ ಕೆಂಚಿ ಮಂಜಿನಿಂದ ಹೊಮ್ಮಿ, ನಮ್ಮೆದುರೇ ಹಾದು, ಕರಗಿಹೋಯಿತು. ಮತ್ತೆ ಬಂತು. ಸದಾ ಎಡಕ್ಕೇ ತಿರುಗುತ್ತಾ, ಒಂದೇ ಅಳತೆಯ ಸುತ್ತು, ನಡುವೆ ನಾವು. ಅದರ ಕಣ್ಣಿಗೆ ನಾವು ಬೀಳುತ್ತಲೇ ಇರಲಿಲ್ಲ. ಮುಂದೆ ಓಡುತ್ತಿದ್ದ ಯಾವುದನ್ನೋ ಅದು ದಿಟ್ಟಿಸುತ್ತಿತ್ತು.

"ಆಂಟಿ, ಅದರ ಮುಂದೆ ಏನಿದೆ?" ಪಿಸುಗುಟ್ಟಿದೆ.

"ರೇಸಿನ ಸುತ್ತಿನ್ಯಾಗ ಬೊಂಬಿ ಮೊಲದ ಹಿಂದ ಓಡಿ ಬೆಳದೈತಿ. ಈಗ ಅದೂ ಇಲ್ಲ. ಸುಮ್ಮಕ ಕೂಡು."

ಆರನೆಯ ಸುತ್ತಿನ ನಂತರ ಸದ್ದು ನಿಂತಿತು. ನನ್ನ ಕಾಲು ಮರಗಟ್ಟುವಷ್ಟು ಹೊತ್ತು ಏನೂ ಇಲ್ಲ. ಕೊನೆಗೆ ಹಿಂದಿನಿಂದ ಬಂದು, ಮೈಯ ಭಾರವನ್ನೆಲ್ಲ ಆಂಟಿಯ ಹೆಗಲಿಗೆ ಹಾಕಿ ಒರಗಿ ನಿಂತಿತು. ಅವರು ಕೊರಳಪಟ್ಟಿ ತೊಡಿಸಿ ಪಾದದ ರಕ್ತ ಒರೆಸಿದರು. ಗೇಟಿನ ಮಾತನ್ನು ಅಂದೂ ಎತ್ತಲಿಲ್ಲ, ಆಮೇಲೂ ಎತ್ತಲಿಲ್ಲ.

ಮರುವರ್ಷ ಅವರಿಗೆ ಕಾಯಿಲೆ ಬಂದು ಬಲಿತು, ಮಗಳು ತಾನಿದ್ದ ವೆಸ್ಟ್‌ಮಂಟ್‌ಗೆ ಕರೆದೊಯ್ದಳು. ಅಲ್ಲಿನ ಅಪಾರ್ಟ್‌ಮೆಂಟಿನಲ್ಲಿ ನಾಯಿ ಸಾಕುವಂತಿರಲಿಲ್ಲ. ಕೆಂಚಿಯ ಹಗ್ಗವನ್ನು ನನ್ನ ಕೈಗಿಟ್ಟು ಆಂಟಿ ಹೇಳಿದರು: "ಮೂರು ದಿನ ಬಾಗಲಾ ನೋಡತೈತಿ, ಆಮ್ಯಾಲ ಮರೀತೈತಿ. ನಾಯಿ ಅದು. ನೀ ಏನರ ಕತಿ ಕಟ್ಕೋಬ್ಯಾಡ."

ಅದು ಹತ್ತೊಂಬತ್ತು ದಿನ ನೋಡಿತು. ಇಪ್ಪತ್ತನೆಯ ದಿನ ಬೆಳಗ್ಗೆ ಹತ್ತರ ಸುಮಾರಿಗೆ ಎದ್ದು ಬಂದು, ಬಾಗಿಲಿಗೆ ಬೆನ್ನು ಹಾಕಿ ನನ್ನ ಕಾಲ ಬಳಿ ಮಲಗಿತು. ಫೋನ್ ಕೈಯಲ್ಲಿ ಹಿಡಿದು ಕೂತೆ, ಆಂಟಿಗೆ ಮಾಡುವ ಧೈರ್ಯವಾಗಲಿಲ್ಲ. ಮಧ್ಯಾಹ್ನ ಅವರ ಮಗಳೇ ಮಾಡಿದಳು. ಆಂಟಿ ಎಷ್ಟು ಹೊತ್ತಿಗೆ ತೀರಿಹೋದರು ಎಂದು ನಾನು ಕೇಳಲಿಲ್ಲ.